ಸ್ಯಾಂಪಲ್ ಏಳು

ನಮ್ಮೂರ ಗಡಿಯಾರಕ್ಕೆ ಬೆಳಗಿನ ಮೂರು ಗಂಟೆ ಎಂದರೆ
ಲ್ಯಾಬಿನ ಯಂತ್ರಕ್ಕೆ ಒಂಬತ್ತು.
ಅಡಿಸ್ ಅಬಾಬಾದಲ್ಲಿ ಎಂ.ಎಸ್ಸಿ. ಓದುವವರು
ಮೊದಲು ಕಲಿಯುವುದು ಈ ಆರು ಗಂಟೆಯ ಲೆಕ್ಕ.
ಸೂರ್ಯ ಹುಟ್ಟಿದರೆ ದಿನ ಶುರು ಎನ್ನುತ್ತಾಳೆ ಅಮ್ಮ,
ನಡುರಾತ್ರಿಗೇ ಶುರು ಎನ್ನುತ್ತದೆ ಪಿಸಿಆರ್.
ನಾನು ಎರಡಕ್ಕೂ ತಡ.

ನನ್ನ ವಿಷಯ ಹುಳಿ.
ಟೆಫ್ ಹಿಟ್ಟು ಕಲಸಿ ಮೂರು ದಿನ ಮುಚ್ಚಿಟ್ಟರೆ
ಮೇಲೆ ತಿಳಿಯಾಗಿ ನಿಲ್ಲುವ ಹಳದಿ ನೀರು, ಎರ್ಶೊ,
ಮುಂದಿನ ಹಿಟ್ಟಿಗೆ ಅದೇ ಹೆಪ್ಪು.
ಅದರೊಳಗೆ ಯಾರು ಯಾರು ವಾಸ ಎಂಬ ಜನಗಣತಿ ನನ್ನದು.
ಪ್ರಬಂಧದ ಹೆಸರು ಎರಡೂವರೆ ಸಾಲು,
ಒಂದೇ ಉಸಿರಿಗೆ ಹೇಳಲು ನನಗೇ ಬಾರದು.

ಶಿರೊ ಮೆದಾದ ಏರಿನಲ್ಲಿ ಇಂಜೆರಾ ಮಾರುವ ಯೆಶಿಮೆಬೆತ್
ನೀಲಿ ಬಕೆಟ್ಟಿನ ಮುಚ್ಚಳ ತೆಗೆದು, ನನ್ನ ಕೈಗವಸು ನೋಡಿ ನಕ್ಕಳು:
"ನಿನ್ನ ರೋಗ ಹಿಟ್ಟಿಗೆ ಅಂಟೀತೆಂದೋ,
ಹಿಟ್ಟಿನದು ನಿನಗೋ?"
ಒಪ್ಪಿಗೆ ಪತ್ರಕ್ಕೆ ಹೆಬ್ಬೆಟ್ಟು ಒತ್ತಿದಳು,
ಶಾಯಿಗಿಂತ ಮೊದಲು ಹಿಟ್ಟು ಮೂಡಿತು.
"ನನ್ನ ಹೆಸರು ಬರಕೊಂಡೆಯಾ?"
"ಬರಕೊಂಡೆ."
ಕೊಳವೆಯ ಮೇಲೆ ಬರೆದದ್ದು: ಸ್ಯಾಂಪಲ್ ಏಳು.

ಆಮೇಲೆ ಎಂಟು ತಿಂಗಳು.
ಅಗಾರ್ ತಟ್ಟೆಯಲ್ಲಿ ಟೆಫ್ ಕಾಳಿನಷ್ಟು ಬಿಳಿ ಚುಕ್ಕೆ,
ಒಂದನ್ನೆತ್ತಿ ಇನ್ನೊಂದು ತಟ್ಟೆಗೆ ಗೆರೆ ಎಳೆ,
ಅಲ್ಲಿಂದ ಮತ್ತೊಂದಕ್ಕೆ.
ಕೂಡಿ ಬಾಳುವ ಜೀವಗಳನ್ನು ಒಂಟಿ ಮಾಡುವುದಕ್ಕೆ
ನಮ್ಮಲ್ಲಿ ಶುದ್ಧೀಕರಣ ಎಂದು ಹೆಸರು.
ಒಂಟಿಯಾದ ಮೇಲೆ ಕೆಲವು ಬದುಕಲೇ ಇಲ್ಲ,
ಪುಸ್ತಕದಲ್ಲಿ ಅವಕ್ಕೊಂದು ಅಡ್ಡಗೆರೆ.
ಪ್ರೈಮರ್ ಬರಲು ಹನ್ನೊಂದು ವಾರ.
ಕಸ್ಟಮ್ಸಿನವರು ಲೆನ್ಸಾಳನ್ನು ಕೇಳಿದರಂತೆ:
ಇಷ್ಟು ಪುಟ್ಟ ಸೀಸೆಗೆ ಇಷ್ಟು ಬೆಲೆಯೇ,
ಒಳಗೆ ಏನೂ ಕಾಣುತ್ತಿಲ್ಲವಲ್ಲ?
ಹೌದು, ಅದನ್ನೇ ಓದುತ್ತಿದ್ದೇವೆ, ಎಂದಳಂತೆ.

ಪಾಗುಮೆಯ ಮೂರನೇ ದಿನ ಕರೆಂಟು ಹೋಯಿತು.
ವರ್ಷದ ಬಾಲಕ್ಕೆ ಅಂಟಿದ ಐದು ದಿನದ ತಿಂಗಳು ಅದು,
ಯಾರಿಗೂ ಸಂಬಳವಿಲ್ಲ.
ಜನರೇಟರಿನ ಡೀಸೆಲ್ ಯಾರ ತಲೆಗೆ ಎಂಬ ಕಾಗದ
ಮೂರು ಕೋಣೆಗಳಲ್ಲಿ ಸಹಿಗೆ ಕಾಯುತ್ತಿತ್ತು.
ಮೈನಸ್ ಎಂಬತ್ತರ ಫ್ರೀಜರಿನಿಂದ ನೀರು,
ಮೊದಲು ಸಣ್ಣಗೆ, ಆಮೇಲೆ ನಾಚಿಕೆ ಬಿಟ್ಟು.

ಸತ್ತಿದ್ದರೆ ಸುಲಭವಿತ್ತು.
ಎಲ್ಲವೂ ಬದುಕಿದ್ದವು.
ಚೀಟಿಗಳು ಮಾತ್ರ ಕಳಚಿ ತಳದ ನೀರಲ್ಲಿ ತೇಲುತ್ತಿದ್ದವು,
ನಾಲ್ಕೋ ಒಂಬತ್ತೋ ತಿಳಿಯದ ನೀಲಿ ಮಸಿ.
ಇನ್ನೂರ ಹದಿನಾರು ಕೊಳವೆ, ಒಂದಕ್ಕೂ ಗುರುತಿಲ್ಲ.
ಡಾಕ್ಟರ್ ಗೆತಾಹುನ್ ಬೈಯಲಿಲ್ಲ. ಕನ್ನಡಕ ಒರೆಸಿದರು.
ಬೈದಿದ್ದರೆ ಅಳಬಹುದಿತ್ತು.

ಹೊಸ ವರ್ಷದ ಹಳದಿ ಹೂ ಮಾರುವ ಹುಡುಗಿಯರನ್ನು ದಾಟಿ
ಮತ್ತೆ ಏರು ಹತ್ತಿದೆ.
ಯೆಶಿಮೆಬೆತ್ ಕಪ್ಪು ಉಟ್ಟಿದ್ದಳು.
ತಮ್ಮ ತೀರಿಕೊಂಡ, ನಲವತ್ತು ದಿನ ಬಕೆಟ್ಟಿನತ್ತ ನೋಡಲಿಲ್ಲ,
ಕೆಟ್ಟುಹೋಯಿತು, ಚೆಲ್ಲಿದೆ ಎಂದಳು.
"ಹಾಗಾದರೆ ಇದು?"
"ಜೆನೆಬೆಚ್ ಕೊಟ್ಟಳು. ಪಕ್ಕದ ಮನೆ."
"ಅವಳದ್ದಾ?"
"ನನ್ನದೇ. ಎರಡು ವರ್ಷದ ಕೆಳಗೆ ಅವಳದ್ದು ಕೆಟ್ಟಾಗ
ಒಂದು ಲೋಟ ಒಯ್ದಿದ್ದಳು."

ನಮೂನೆಯ ಮೂಲ, ಎನ್ನುವ ಅಂಕಣದ ಮುಂದೆ
ಪೆನ್ನು ತುಂಬ ಹೊತ್ತು ನಿಂತಿತು.
ಅದೇ ಎಂದರೆ ಪರೀಕ್ಷಕರು ಪುರಾವೆ ಕೇಳುತ್ತಾರೆ,
ಬೇರೆ ಎಂದರೆ ಈಕೆ ನಗುತ್ತಾಳೆ.

ಮಿತಾದಿನ ಮೇಲೆ ಹಿಟ್ಟು ಸುತ್ತಿ ಸುರಿದಳು,
ಅಂಚಿನಿಂದ ನಡುವಿಗೆ ಕಣ್ಣುಗಳು ಬಿಚ್ಚಿಕೊಂಡವು, ನೂರಾರು.
ಉಪವಾಸದ ಬುಧವಾರ, ಬರೀ ಬೇಳೆ.
ಕೈಗವಸಿಲ್ಲದೆ ತಿಂದೆ.

ಹೊರಡುವ ಮುನ್ನ ಕೊಳವೆಯ ಬಿಳಿ ಪಟ್ಟಿಯ ಮೇಲೆ
ಪೆನ್ಸಿಲ್ಲಿನಲ್ಲಿ ಬರೆದೆ, ನೀರಿಗೆ ಅಳಿಯದ್ದು.
ನಮ್ಮ ಲಿಪಿಯಲ್ಲೇ ಬರೆದೆ.
ಅಪ್ಪನ ಹೆಸರೂ ಸೇರಿ ಹೆಸರು ಉದ್ದವಾಯಿತು,
ಕೊಳವೆಯನ್ನು ಸುತ್ತಿ ಬಂದ ಕೊನೆಯ ಅಕ್ಷರ
ಮೊದಲನೆಯದರ ಮೇಲೆ ಹತ್ತಿ ಕೂತಿತು.